ಕಾಲು, ಅರೆ, ಮುಕ್ಕಾಲು: ಮನೆಯಲ್ಲಿ ಗಣಿತ ಅಭ್ಯಾಸದ ಬಗ್ಗೆ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ ಗಣಿತ ಹೇಳಿಕೊಡುತ್ತೇನೆ. ಪೋಷಕರ ಸಭೆಗೆ ಬರುವವರು ಕಡಿಮೆ. ಆದರೆ ಬಸ್ ಕಾಯುವಾಗ, ಸೊಸೈಟಿ ಎದುರು ಅಕ್ಕಿಗೆ ನಿಂತಾಗ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಸಿಕ್ಕವರು "ಮೇಷ್ಟ್ರೇ, ಒಂದು ವಿಷಯ" ಅಂತ ಶುರು ಮಾಡುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳೇ ಇವು. ಬಸ್ ಬಂದುಬಿಟ್ಟಿದ್ದಕ್ಕೆ ಅರ್ಧಕ್ಕೆ ನಿಂತ ಉತ್ತರಗಳನ್ನು ಇಲ್ಲಿ ಪೂರ್ತಿ ಮಾಡಿದ್ದೇನೆ.

ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು?

ಹದಿನೈದು, ಇಪ್ಪತ್ತು ನಿಮಿಷ ಸಾಕು. ಆದರೆ ದಿನಾ ಆಗಬೇಕು. ಭಾನುವಾರ ಎರಡು ತಾಸು ಕೂರಿಸಿ ಕಿವಿ ಹಿಂಡಿದರೆ ಸೋಮವಾರಕ್ಕೆ ಏನೂ ಉಳಿದಿರುವುದಿಲ್ಲ.

ಹುಡುಗ ಎಪ್ಪತ್ತೆಂಟು ಅಂದ್ರೆ 87 ಬರೀತಾನೆ. ಕಣ್ಣು ತೋರಿಸಬೇಕಾ?

ಕರಿಹಲಗೆ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದರೆ ಖಂಡಿತ ತೋರಿಸಿ. ಆದರೆ ಈ ತಪ್ಪು ಹೆಚ್ಚಾಗಿ ಕಣ್ಣಿನದಲ್ಲ, ಕಿವಿಯದು. ಎಪ್ಪತ್ತೆಂಟು, ಎಂಬತ್ತೇಳು: ಒಂದರ ಬಾಲದಲ್ಲಿ ಎಂಟು, ಇನ್ನೊಂದರ ತಲೆಯಲ್ಲಿ ಎಂಟು. ಬೇಗ ಹೇಳಿ ನೋಡಿ, ನಿಮ್ಮ ನಾಲಿಗೆಯೇ ತೊಡರುತ್ತದೆ. ತೊಂಬತ್ತು ಇನ್ನೂ ಕಷ್ಟ. ಅದರೊಳಗೆ ಒಂಬತ್ತು ಅವಿತು ಕೂತಿದೆ ಎಂದು ಮಗುವಿಗೆ ಕೇಳಿಸುವುದೇ ಇಲ್ಲ. ಎಪ್ಪತ್ತೊಂಬತ್ತು ಆದ ಮೇಲೆ ಏನು ಎಂದರೆ "ತೊಂಬತ್ತು" ಎನ್ನುವವರು ಪ್ರತಿ ವರ್ಷ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ.

ಮದ್ದು ಪೊರಕೆಯಲ್ಲಿದೆ. ಹಿಡಿಕಡ್ಡಿ ಪೊರಕೆಯಿಂದ ನೂರು ಕಡ್ಡಿ ತೆಗೆದು ಸಮನಾಗಿ ಮುರಿದು, ಹತ್ತತ್ತರ ಕಟ್ಟು ಮಾಡಿ ಬಾಳೆನಾರಿನಲ್ಲಿ ಕಟ್ಟಿ. ಎಪ್ಪತ್ತೆಂಟು ಎಂದಾಗ ಮಗು ಏಳು ಕಟ್ಟು, ಎಂಟು ಬಿಡಿಕಡ್ಡಿ ಎತ್ತಿಕೊಡಬೇಕು. ಎಂಬತ್ತೇಳಕ್ಕೆ ಎಂಟು ಕಟ್ಟು, ಏಳು ಬಿಡಿ. ಎರಡನ್ನೂ ಅಕ್ಕಪಕ್ಕ ಇಡಿ. ಬರೆಯುವುದು ಆಮೇಲೆ. ಒಂದು ವಾರ ಹೀಗೆ ಆಡಿದ ಮಗು ಬರೆಯುವ ಮುಂಚೆ ಒಂದು ಕ್ಷಣ ನಿಲ್ಲುವುದನ್ನು ನಾನು ನೋಡಿದ್ದೇನೆ. ಆ ನಿಲ್ಲುವಿಕೆಯೇ ನಮಗೆ ಬೇಕಾದದ್ದು.

ಮುನ್ನೂರ ಐದಕ್ಕೆ 3005 ಬರೀತಾಳೆ. ಎಷ್ಟು ಸಲ ಹೇಳಿದ್ರೂ ಅಷ್ಟೇ.

ಅವಳು ಕೇಳಿಸಿಕೊಂಡದ್ದನ್ನೇ ಬರೆದಿದ್ದಾಳೆ: ಮುನ್ನೂರಕ್ಕೆ 300, ಪಕ್ಕದಲ್ಲಿ 5. ಬೈಯಬೇಡಿ. ಹಳೆ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮೂರು ಪಟ್ಟಿ ಕತ್ತರಿಸಿ: ಉದ್ದದ್ದರಲ್ಲಿ 300, ನಡುವಿನದರಲ್ಲಿ 40, ಚಿಕ್ಕದರಲ್ಲಿ 5. ಬಲತುದಿ ಸರಿಯಾಗಿ ಒಂದರ ಮೇಲೊಂದು ಇಟ್ಟರೆ 345. ನಡುವಿನ ಪಟ್ಟಿ ತೆಗೆದುಬಿಟ್ಟರೆ 305, ಕೆಳಗಿನ ಸೊನ್ನೆ ಇಣುಕುತ್ತದೆ. ಸೊನ್ನೆ ಎಂದರೆ "ಏನೂ ಇಲ್ಲ" ಎಂದು ನಾವೇ ಕಲಿಸಿ, ಆಮೇಲೆ ಅದನ್ನು ಬಿಟ್ಟು ಬರೆದರೆ ನಾವೇ ರೇಗುತ್ತೇವೆ. ಹತ್ತರ ಕಟ್ಟು ಒಂದೂ ಇಲ್ಲ ಎಂದು ಹೇಳಲು ಅಲ್ಲಿ ಒಬ್ಬರು ನಿಂತಿರಬೇಕಲ್ಲ, ಅದು ಸೊನ್ನೆ.

ದಶಕ ಕಡ ತಗೊಂಡು ಕಳೆಯೋದು ಬರ್ತಿಲ್ಲ. 502ರಲ್ಲಿ 178 ಕಳಿ ಅಂದ್ರೆ ಅಳ್ತಾನೆ.

ಮಧ್ಯದಲ್ಲಿ ಸೊನ್ನೆ ಇದ್ದರೆ ಕಡ ಕೊಡುವವನ ಕೈಯೇ ಖಾಲಿ. ಅಳು ಬರುವುದು ಸಹಜ. ಸ್ವಲ್ಪ ದಿನ ಆ ವಿಧಾನ ಬದಿಗಿಟ್ಟು ಅಂಗಡಿಯವರು ಚಿಲ್ಲರೆ ಎಣಿಸುವ ಹಾಗೆ ಮಾಡಿಸಿ. 178ಕ್ಕೆ 2 ಸೇರಿಸಿದರೆ 180, ಇನ್ನು 20 ಸೇರಿಸಿದರೆ 200, ಇನ್ನು 300 ಸೇರಿಸಿದರೆ 500, ಮತ್ತೆ 2. ಒಟ್ಟು 324. ಬಾಯಲ್ಲಿ ಇದು ಬಂದ ಮೇಲೆ ಕಡ ತೆಗೆದುಕೊಳ್ಳುವ ಕ್ರಮ ತೋರಿಸಿದರೆ, ಉತ್ತರ ಮೊದಲೇ ಗೊತ್ತಿರುವುದರಿಂದ ಹೆದರಿಕೆ ಇರುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಬರವಿಲ್ಲ. ಪೇಪರಿನಲ್ಲಿ ದಿನಾ ಡ್ಯಾಂ ಮಟ್ಟ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ. ಇವತ್ತು ಇಷ್ಟಿದೆ, ತುಂಬಲು ಇನ್ನೆಷ್ಟು ಬೇಕು, ನಿನ್ನೆಗಿಂತ ಎಷ್ಟು ಏರಿದೆ? ಮನೆಯ ಹಿರಿಯರು ಹೇಗೂ ಇದೇ ಮಾತಾಡುತ್ತಿರುತ್ತಾರೆ. ಮಗುವನ್ನೂ ಸೇರಿಸಿಕೊಳ್ಳಿ.

ಬೆರಳು ಎಣಿಸೋದು ಬಿಡಿಸೋದು ಹೇಗೆ?

ಬಿಡಿಸಬೇಡಿ. ಹತ್ತರ ಜೋಡಿಗಳು (7ಕ್ಕೆ 3, 6ಕ್ಕೆ 4) ಬಾಯಿಗೆ ಬಂದ ದಿನ ಬೆರಳು ತಾನೇ ಮಡಚಿಕೊಳ್ಳುತ್ತದೆ.

ಮಗ್ಗಿ ಬಾಯಿಪಾಠ ಈಗಲೂ ಬೇಕಾ?

ಬೇಕು. ಈ ವಿಷಯದಲ್ಲಿ ನಾನು ಹಳೇ ಕಾಲದವನೇ. ಏಳೆಂಟ್ಲಿ ಐವತ್ತಾರು ಎಂದು ನಾಲಿಗೆಗೆ ಬರದಿದ್ದರೆ ಭಾಗಾಕಾರದ ಹೊತ್ತಿಗೆ ಮಗು ಸೋತಿರುತ್ತದೆ. ಆದರೆ ಹತ್ತರ ಮಗ್ಗಿಗೆ ನಿಲ್ಲಿಸಿ. ಹತ್ತೊಂಬತ್ತರ ಮಗ್ಗಿ ಹೇಳಿಸಿ ನೆಂಟರ ಎದುರು ಮೆರೆಸುವುದು ನಿಮ್ಮ ಖುಷಿಗೆ, ಮಗುವಿನ ಗಣಿತಕ್ಕಲ್ಲ.

ಅದರ ಬದಲು ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕಾಲರ ಮಗ್ಗಿ, ಅರೆ ಮಗ್ಗಿ ಹೇಳಿಸಿಕೊಳ್ಳಿ. ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು, ಐದು ಕಾಲು ಒಂದೂಕಾಲು. ಹಿಂದಿನವರು ಇದನ್ನು ಶಾಲೆಯಲ್ಲೇ ಹೇಳುತ್ತಿದ್ದರು, ಯಾವಾಗಲೋ ಕೈಬಿಟ್ಟೆವು. ಐದನೇ ತರಗತಿಯಲ್ಲಿ ನಾವು ಎರಡು ತಿಂಗಳು ಒದ್ದಾಡುವ ಭಿನ್ನರಾಶಿ ಆ ನಾಲ್ಕು ಸಾಲಿನಲ್ಲೇ ಇದೆ.

ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ 1/4ಕ್ಕಿಂತ 1/8 ದೊಡ್ಡದು ಅಂತ ವಾದ ಮಾಡ್ತಾಳೆ. ಏನು ಹೇಳಲಿ?

ಏನೂ ಹೇಳಬೇಡಿ, ಒಂದು ಅಕ್ಕಿರೊಟ್ಟಿ ಮಾಡಿ. "ನಾಲ್ಕು ಜನಕ್ಕೆ ಹಂಚಿದರೆ ನಿನಗೊಂದು ಪಾಲು, ಎಂಟು ಜನಕ್ಕೆ ಹಂಚಿದರೂ ನಿನಗೊಂದು ಪಾಲು. ಯಾವುದು ಬೇಕು?" ಹಸಿದ ಮಗು ಈ ಲೆಕ್ಕ ತಪ್ಪುವುದಿಲ್ಲ.

ಕಾಗದದ ಮೇಲೆ ತಪ್ಪುವುದೇಕೆಂದರೆ, ಅವಳ ಕಣ್ಣಿಗೆ 1/8 ಎನ್ನುವುದು 1 ಮತ್ತು 8 ಎಂಬ ಎರಡು ಸಂಖ್ಯೆ. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಕಾಲು, ಅರೆ, ಮುಕ್ಕಾಲು, ಅರೆಕಾಲು ಒಂದೊಂದೂ ಒಂದೇ ಪದ, ಒಂದೇ ಅಳತೆ. ಅರೆಕಾಲು ಎಂದರೆ ಕಾಲಿನ ಅರೆ, ಅಂದರೆ 1/8. ಅದರರ್ಧ ವೀಸ, 1/16. ಕಾಲಿನಲ್ಲಿ ಅರೆ ಎಂದ ಮೇಲೆ ಅದು ಕಾಲಿಗಿಂತ ದೊಡ್ಡದಾಗುವುದೆಲ್ಲಿ ಬಂತು? ದನಕ್ಕೆ ನಾಲ್ಕು ಕಾಲು, ಅದರಲ್ಲೊಂದು "ಕಾಲು" ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಭಾಷಾ ಪಂಡಿತರು ಏನಾದರೂ ಅನ್ನಲಿ, ಮಕ್ಕಳು ಮರೆಯುವುದಿಲ್ಲ.

ಅಡಿಕೆ ಹಾಳೆ ತಟ್ಟೆ ಐದು ತೆಗೆದುಕೊಳ್ಳಿ. ಒಂದು ಇಡಿಯಾಗಿರಲಿ. ಒಂದನ್ನು ಎರಡು, ಒಂದನ್ನು ನಾಲ್ಕು, ಒಂದನ್ನು ಎಂಟು ಮಾಡಿ. ಐದನೆಯದನ್ನು ಮೂರು ಮಾಡಲು ಮಗುವಿಗೇ ಬಿಡಿ. ಮೂರು ಸಮಪಾಲು ಎಷ್ಟು ಕಷ್ಟ ಎಂದು ಕತ್ತರಿ ಹಿಡಿದವರಿಗೇ ಗೊತ್ತು, ಆ ಕಷ್ಟ ಅವರೇ ಪಡಲಿ. ಚೂರುಗಳನ್ನು ಇಡೀ ತಟ್ಟೆಯ ಮೇಲೆ ಜೋಡಿಸಿ, ಎರಡು ಅರೆಕಾಲು ಒಂದು ಕಾಲನ್ನು ಮುಚ್ಚುವುದನ್ನು ಬೆರಳಲ್ಲೇ ನೋಡಲಿ.

ಹಲಸಿನ ಹಣ್ಣಲ್ಲಿ ತೋರಿಸಬಹುದಾ? ಮನೆ ತುಂಬಾ ಇದೆ.

ನಾನೂ ಹಾಗೇ ಅಂದುಕೊಂಡು ಒಂದು ಜೂನ್‌ನಲ್ಲಿ ಮಧ್ಯಮ ಗಾತ್ರದ ಹಣ್ಣೊಂದನ್ನು ಶಾಲೆಗೆ ಹೊತ್ತುಕೊಂಡು ಹೋದೆ. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ, ಉದ್ದಕ್ಕೆ ಸೀಳಿ ನಾಲ್ಕು ಕಡಿ ಮಾಡಿ, ನಾಲ್ಕು ಗುಂಪಿಗೆ ಕೊಟ್ಟು "ಇದು ಕಾಲು ಭಾಗ" ಎಂದೆ. ಹಿಂದಿನ ಸಾಲಿನ ಒಬ್ಬಳು ತೊಳೆ ಎಣಿಸಲು ಶುರು ಮಾಡಿದಳು. ಅವಳ ಗುಂಪಿಗೆ 7. ಪಕ್ಕದವರಿಗೆ 11. ಉಳಿದ ಎರಡಕ್ಕೆ 10 ಮತ್ತು 8. "ಮೇಷ್ಟ್ರೇ, ಇದು ಕಾಲಲ್ಲ" ಎಂದು ಎದ್ದು ನಿಂತಳು.

ಅವಳು ಹೇಳಿದ್ದು ಸರಿ. ಪಾಲು ಸಮ ಇಲ್ಲದಿದ್ದರೆ ನಾಲ್ಕು ತುಂಡು ಆಗುತ್ತದೆಯೇ ಹೊರತು ಕಾಲು ಆಗುವುದಿಲ್ಲ. ತೊಳೆಗಳನ್ನೆಲ್ಲ ಬಾಳೆಲೆ ಮೇಲೆ ಸುರಿಸಿ ಎಣಿಸಿದೆವು: 36. ಕಾಲು ಎಂದರೆ 9. ಯಾವ ಗುಂಪಿಗೂ 9 ಸಿಕ್ಕಿರಲಿಲ್ಲ! ಒಂದು ವಸ್ತುವಿನ ಕಾಲು ಬೇರೆ, ಒಂದು ರಾಶಿಯ ಕಾಲು ಬೇರೆ ಎಂಬ ಪಾಠ ಅವತ್ತು ನಾನು ಮಾಡಬೇಕೆಂದುಕೊಂಡಿರಲೇ ಇಲ್ಲ. ಹಾಗಾಗಿ ಹಲಸು ಆಗುತ್ತದೆ, ತೊಳೆ ಎಣಿಸುವುದಾದರೆ. ಮೇಣ ತೆಗೆಯುವ ಕೆಲಸ ನಿಮ್ಮದು.

ಮೂರನೇ ಎರಡು ಅಂದ್ರೆ 3/2 ಬರೀತಾನೆ. ಇದು ಗಮನ ಕೊಡದೆ ಇರೋದಲ್ವಾ?

ಅಲ್ಲ. ಕನ್ನಡದಲ್ಲಿ ನಾವು ಛೇದವನ್ನು ಮೊದಲು ಹೇಳುತ್ತೇವೆ, ಅಂಶವನ್ನು ಆಮೇಲೆ. ಬರೆಯುವಾಗ ಅಂಶ ಮೇಲೆ, ಛೇದ ಕೆಳಗೆ. ಕೇಳಿದ ಕ್ರಮದಲ್ಲೇ ಬರೆದ ಮಗು ತಲೆಕೆಳಗಾಗಿ ಬರೆಯುತ್ತದೆ. ಪರಿಹಾರ ಸಣ್ಣದು: ಮೊದಲು ಗೀಟು ಎಳೆಯಲಿ, "ಮೂರನೇ" ಎಂದಾಗ ಗೀಟಿನ ಕೆಳಗೆ 3, "ಎರಡು" ಎಂದಾಗ ಮೇಲೆ 2. ಕೆಳಗಿನಿಂದ ಮೇಲಕ್ಕೆ ಬರೆಯುವುದು ತಪ್ಪೇನಲ್ಲ.

ಉದಾಹರಣೆಗೆ ನಮ್ಮ ಸೀಮೆಯದೇ ಇದೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಜಮೀನು ಅಳೆಸಿ ಮಾಡಿದ ಕಂದಾಯದ ಏರ್ಪಾಡಿಗೆ "ಶಿಸ್ತು" ಎಂದೇ ಹೆಸರು. ಫಸಲಿನ ಮೂರನೇ ಒಂದು ಅರಮನೆಗೆ. ರೈತನಿಗೆ ಉಳಿಯುವುದೆಷ್ಟು? ಮೂರನೇ ಎರಡು. 3/2 ಉಳಿದರೆ ಬೆಳೆದದ್ದಕ್ಕಿಂತ ಜಾಸ್ತಿ ಉಳಿದ ಹಾಗಾಯಿತು.

1/2ಕ್ಕೆ 1/3 ಕೂಡಿಸಿದ್ರೆ 2/5 ಅಂತ ಬರೆದಿದ್ದಾಳೆ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ.

ತಪ್ಪು ಎಂದು ಗೀಟು ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: "2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಕಡಿಮೆ. ಅರ್ಧ ಇದ್ದದ್ದಕ್ಕೆ ಇನ್ನಷ್ಟು ಹಾಕಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯಿತೇ? ಇಷ್ಟು ಕೇಳಿದರೆ ಅವಳೇ ಪೆನ್ಸಿಲ್ ತಿರುಗಿಸಿ ರಬ್ಬರ್ ಹುಡುಕುತ್ತಾಳೆ.

ಕಾರಣ ತಿಳಿಸಲು ಅಟ್ಟದ ಮೇಲಿನ ಹಳೆ ಅಳತೆ ಪಾತ್ರೆ ಇಳಿಸಿ. ಒಂದು ಸೇರಿಗೆ ನಾಲ್ಕು ಪಾವು, ಅಚ್ಚೇರು ಅಂದರೆ ಅರ್ಧ ಸೇರು. ಅಚ್ಚೇರು ಅಕ್ಕಿ, ಒಂದು ಪಾವು ಅಕ್ಕಿ ಸೇರಿದರೆ ಎಷ್ಟು? ಅಜ್ಜಿ ತಟ್ಟನೆ "ಮೂರು ಪಾವು" ಎನ್ನುತ್ತಾರೆ. ಅವರು ಮನಸ್ಸಿನಲ್ಲೇ ಅಚ್ಚೇರನ್ನು ಎರಡು ಪಾವು ಮಾಡಿಕೊಂಡರು. ಎರಡನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಮಾತ್ರ ಕೂಡಿಸಬಹುದು. ಛೇದ ಸಮ ಮಾಡುವುದೆಂದರೆ ಇಷ್ಟೇ. ಅರ್ಧಕ್ಕೂ ಮೂರನೇ ಒಂದಕ್ಕೂ ಹೊಂದುವ ಪಾತ್ರೆ ಆರನೇ ಒಂದು: 3/6, 2/6, ಕೂಡಿದರೆ 5/6. ಇದಕ್ಕೆ ಬೇಕಾಗುವ ಲ.ಸಾ.ಅ.ವನ್ನು (ಲಘುತಮ ಸಾಮಾನ್ಯ ಅಪವರ್ತ್ಯ) ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ "ನಿರುದ್ಧ" ಎಂದು ಕರೆದು ಬಳಸಿದ್ದಾರೆ.

ಪಹಣಿಯಲ್ಲಿ 2-20 ಅಂತಿದೆ. ಮಗಳು ಅದನ್ನ 2.20 ಎಕರೆ ಅಂತ ಓದಿದ್ಲು. ಸರೀನಾ?

ಸರಿಯಲ್ಲ, ಮತ್ತು ಈ ತಪ್ಪು ಮಾಡುವ ದೊಡ್ಡವರೂ ಇದ್ದಾರೆ. ಎಕರೆಗೆ 40 ಗುಂಟೆ. 2-20 ಅಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ, ದಶಮಾಂಶದಲ್ಲಿ 2.5. ಅಣ್ಣನ ಪಾಲು 1-20, ತಮ್ಮನ ಪಾಲು 1-30. ಒಟ್ಟು? 2-50 ಎಂದು ಬರೆದರೆ ತಪ್ಪು. 50 ಗುಂಟೆಯಲ್ಲಿ 40 ಹೋಗಿ ಒಂದು ಎಕರೆಯಾಗಿ, 3-10. ಇಲ್ಲಿ ದಶಕ ಹತ್ತಕ್ಕಲ್ಲ, ನಲವತ್ತಕ್ಕೆ ಕಟ್ಟುತ್ತದೆ. ಗಂಟೆ ನಿಮಿಷದಲ್ಲಿ ಅರವತ್ತಕ್ಕೆ. ನಿಮ್ಮ ಪಹಣಿಯನ್ನೇ ಕೊಟ್ಟು ಲೆಕ್ಕ ಮಾಡಿಸಿ, ಜೆರಾಕ್ಸ್ ಪ್ರತಿ ಕೊಡಿ.

ಸುತ್ತಳತೆ, ವಿಸ್ತೀರ್ಣ ಎರಡೂ ಕಲಸುಮೇಲೋಗರ.

ಬೇಲಿ ಒಂದು, ತೋಟ ಇನ್ನೊಂದು. ಬೇಲಿಗೆ ತಂತಿ ಉದ್ದದಲ್ಲಿ ಕೊಳ್ಳುತ್ತೇವೆ, ತೋಟಕ್ಕೆ ಗೊಬ್ಬರ ಜಾಗದ ಲೆಕ್ಕದಲ್ಲಿ ಹಾಕುತ್ತೇವೆ. 24 ಮೀಟರ್ ಹಗ್ಗ ಅಂಗಳದಲ್ಲಿ ಹಾಸಿ. 6ಕ್ಕೆ 6 ಚೌಕ ಮಾಡಿದರೆ ಒಳಗೆ 36 ಚದರ ಮೀಟರ್. 8ಕ್ಕೆ 4 ಮಾಡಿದರೆ 32. 10ಕ್ಕೆ 2 ಮಾಡಿದರೆ 20. ಹಗ್ಗ ಅದೇ, ಜಾಗ ಕರಗುತ್ತಾ ಹೋಯಿತು. ಇದನ್ನು ಪುಸ್ತಕದಲ್ಲಿ ನೋಡುವುದಕ್ಕೂ ಒಳಗೆ ನಿಂತು ನೋಡುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅಡಿಕೆ ಸಸಿ 9 ಅಡಿಗೆ ಒಂದರಂತೆ ನೆಡುತ್ತೇವೆ. ಒಂದು ಗುಂಟೆಯ ಚೌಕದಲ್ಲಿ ಎಷ್ಟು ಸಸಿ? ಲೆಕ್ಕ ಬಲ್ಲವನು 1,089ನ್ನು 81ರಿಂದ ಭಾಗಿಸಿ 13 ಎನ್ನುತ್ತಾನೆ. ಹಗ್ಗ ಹಿಡಿದವನು ಅಂಚಿನಿಂದ 3 ಅಡಿ ಬಿಟ್ಟು ಮೊದಲ ಗೂಟ ಹೊಡೆದು, ಆಮೇಲೆ 12, 21, 30 ಅಡಿಗೆ ಹೊಡೆದು ಸಾಲಿಗೆ ನಾಲ್ಕು, ಒಟ್ಟು 16 ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಗೂಟ ನಾಲ್ಕು, ನಡುವಿನ ಅಂತರ ಮೂರೇ. ಅಂಚಿನ ಗಿಡಗಳು ಪಕ್ಕದ ಜಾಗಕ್ಕೂ ಕೈ ಚಾಚಿರುತ್ತವೆ. ಪೂರ್ತಿ ಎಕರೆಗೆ ಹೋದರೆ ಅಂಚಿನ ಪ್ರಭಾವ ಕಡಿಮೆಯಾಗಿ, 43,560ನ್ನು 81ರಿಂದ ಭಾಗಿಸಿದ ಸುಮಾರು 538 ಹತ್ತಿರದ ಉತ್ತರವಾಗುತ್ತದೆ.

ಸ್ಕೇಲಿನಲ್ಲಿ ಪೆನ್ಸಿಲ್ ಅಳೆಯುವಾಗ 1ರಿಂದ ಶುರು ಮಾಡುವ ಮಕ್ಕಳದ್ದೂ ಇದೇ ಗೊಂದಲ. ಅವರು ಗೂಟ ಎಣಿಸುತ್ತಿದ್ದಾರೆ, ಅಂತರವನ್ನಲ್ಲ. ಸೊನ್ನೆಯಿಂದ ಒಂದಕ್ಕೆ ಇರುವೆ ನಡೆದಂತೆ ಬೆರಳು ಸರಿಸಿ ತೋರಿಸಿ.

ಚೌಕಾನ ಓರೆ ಇಟ್ರೆ ವಜ್ರ ಅಂತಾನೆ.

ಪುಸ್ತಕದಲ್ಲಿ ಚೌಕ ಯಾವಾಗಲೂ ನೆಟ್ಟಗೆ ಕೂತಿರುತ್ತದೆ, ತ್ರಿಭುಜ ಯಾವಾಗಲೂ ಮನೆಯ ಮಾಡಿನ ಹಾಗೆ ತಳ ಕೆಳಗೆ ಇಟ್ಟಿರುತ್ತದೆ. ಮಗು ಆಕಾರ ಕಲಿತಿಲ್ಲ, ಭಂಗಿ ಕಲಿತಿದೆ. ರಟ್ಟಿನಲ್ಲಿ ಕತ್ತರಿಸಿ ಕೈಗೆ ಕೊಟ್ಟು ತಿರುಗಿಸಲು ಹೇಳಿ. ತಿರುಗಿಸಿದ್ದಕ್ಕೆ ಬಾಹು ಉದ್ದವಾಯಿತೇ? ಮೂಲೆ ಬದಲಾಯಿತೇ?

ಸಾಗರ, ಸೊರಬ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿದ ಮಕ್ಕಳಿಗೆ ಈ ತೊಂದರೆ ಕಡಿಮೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ, ಪುಂಡಿನಾರಿನ ಕುಂಚ. ಸಮಾಂತರ ಗೆರೆ, ಓರೆ ಗೆರೆ, ತಲೆಕೆಳಗಾದ ತ್ರಿಭುಜ ಎಲ್ಲ ಅಲ್ಲಿವೆ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಬರಹ. ಬುಟ್ಟಿಗೆ ಬಣ್ಣ ಹಚ್ಚುವಾಗ ಮಕ್ಕಳನ್ನು ಓಡಿಸಬೇಡಿ, ಒಂದು ಎಳೆ ಎಳೆಯಲಿ.

ಅಂಗಳದ ರಂಗೋಲಿ ಎಲ್ಲರ ಮನೆಯಲ್ಲೂ ಇದೆ. ನೇರ ಚುಕ್ಕಿ 7ರಿಂದ 1ಕ್ಕೆ ಇಳಿಸಿದರೆ 1, 3, 5, 7, 5, 3, 1: ಒಟ್ಟು 25. ಮಧ್ಯ ಚುಕ್ಕಿ 7ರಿಂದ 4ಕ್ಕೆ ಇಳಿಸಿದರೆ 4, 5, 6, 7, 6, 5, 4: ಒಟ್ಟು 37, ಅಂಚು ಷಡ್ಭುಜ. ಚುಕ್ಕಿ ಇಡುವ ಮೊದಲೇ ಎಷ್ಟಾಗುತ್ತದೆಂದು ಹೇಳಲಿ, ಇಟ್ಟ ಮೇಲೆ ಎಣಿಸಲಿ.

ಜಾಮಿಟ್ರಿ ಬಾಕ್ಸ್ ಯಾವಾಗ ಕೊಡಿಸ್ಬೇಕು?

ಸ್ಕೇಲು ಮೂರನೇ ತರಗತಿಗೆ ಸಾಕು. ಕೋನಮಾಪಕ ಐದಕ್ಕೆ. ಕೈವಾರದ ಮೊನೆ ಚುಚ್ಚುತ್ತದೆ. ಅದಕ್ಕೂ ಮುಂಚೆ ಅಂಗಳದಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ ವೃತ್ತ ಎಳೆಯಲಿ, ತ್ರಿಜ್ಯ ಎಂದರೆ ಹಗ್ಗ ಎಂದು ಗೊತ್ತಾಗುತ್ತದೆ.

ಗೆರೆ ಉದ್ದ ಇದ್ರೆ ಕೋನ ದೊಡ್ಡದು ಅಂತಾನೆ.

ಬಾಗಿಲು ತೆರೆದು ತೋರಿಸಿ. ದೊಡ್ಡ ಬಾಗಿಲಾದರೂ, ಕಪಾಟಿನ ಸಣ್ಣ ಬಾಗಿಲಾದರೂ ತೆರೆದಷ್ಟೇ ಕೋನ.

ಮೊಬೈಲ್ ಆ್ಯಪ್ ಹಾಕಿಕೊಡ್ಲಾ? ಟ್ಯೂಷನ್‌ಗೆ ಕಳಿಸ್ಲಾ?

ಮಗ್ಗಿ ಚುರುಕಾಗಲು ಹತ್ತು ನಿಮಿಷ ಆ್ಯಪ್ ಇರಲಿ. ಹಾಳೆ ತಟ್ಟೆ ಕತ್ತರಿಸುವ ಕೆಲಸ ಪರದೆಯ ಮೇಲೆ ಆಗುವುದಿಲ್ಲ. ಟ್ಯೂಷನ್ ಬಗ್ಗೆ: ಒಂದರಿಂದ ಐದನೇ ತರಗತಿಗೆ ಬೇಕೆಂದು ನನಗೆ ಅನ್ನಿಸಿಲ್ಲ. ಬೇಕಾಗಿದ್ದರೆ ನಾನು ಸರಿಯಾಗಿ ಪಾಠ ಮಾಡುತ್ತಿಲ್ಲ ಎಂದರ್ಥ, ಬಂದು ಬೈಯಿರಿ.

ಮಳೆ ರಜೆ ವಾರಗಟ್ಟಲೆ ಬಂದ್ರೆ? ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.

ಒಳ್ಳೆಯದೇ ಆಯಿತು, ಮಳೆ ಅಳೆಯಿರಿ. ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಬಯಲಲ್ಲಿ ಇಡಿ. ಮಾಡಿನ ನೀರು, ಮರದ ಹನಿ ಬೀಳಬಾರದು. ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲು ಇಳಿಸಿ ಮಿಲಿಮೀಟರ್‌ನಲ್ಲಿ ಬರೆದು ಚೆಲ್ಲಿ. ಸ್ಕೇಲಿನ ತುದಿಯಲ್ಲಿ ಸೊನ್ನೆಗೂ ಮುಂಚೆ ಖಾಲಿ ಜಾಗ ಇದ್ದರೆ ಅಷ್ಟನ್ನು ಸೇರಿಸಬೇಕು. ಒಬ್ಬ ಹುಡುಗ ಇದನ್ನು ತಾನೇ ಕಂಡುಹಿಡಿದು ನನ್ನ ಪಟ್ಟಿಯನ್ನೇ ತಿದ್ದಿದ.

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಜಾಗದ ಮೇಲೆ 20 ಮಿ.ಮೀ. ಬಿದ್ದರೆ 2,000 ಲೀಟರ್. ಮನೆಯ ಮೇಲೆ ಒಂದು ರಾತ್ರಿಯಲ್ಲಿ ಎಷ್ಟು ಕೊಡ ನೀರು ಹರಿದು ಹೋಯಿತೆಂದು ಮಗು ಲೆಕ್ಕ ಹಾಕಲಿ. ವಾರದ ಅಂಕಿಗಳನ್ನು ಚೌಕಳಿ ಹಾಳೆಯಲ್ಲಿ ಕಂಬಗಳಾಗಿ ಬರೆದರೆ ಸ್ತಂಭಾಲೇಖವೂ ಆಯಿತು.

ನಾವು ಓದಿಲ್ಲ ಮೇಷ್ಟ್ರೇ. ಭಿನ್ನರಾಶಿ ಅಂದ್ರೆ ಏನಂತ ಗೊತ್ತಿಲ್ಲ.

ಹೀಗೆ ಕೇಳಿದ ತಾಯಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಮಾತಿನ ಮಧ್ಯೆ ಮಗನಿಗೆ "ಮುಕ್ಕಾಲು ಡಬ್ಬ ಆಯ್ತು, ಇನ್ನು ಕಾಲು ಆದ್ರೆ ಏಳ್ತೀನಿ" ಎಂದರು. ಮಗ ತಲೆಯಾಡಿಸಿದ. ಅವನ ನೋಟ್‌ಬುಕ್ಕಿನಲ್ಲಿ ಅವತ್ತೇ 3/4 + 1/4 = 4/8 ಎಂದಿತ್ತು. ಅಮ್ಮ ಹೇಳಿದ್ದನ್ನು ಅಂಕಿಯಲ್ಲಿ ಬರೆ ಎಂದೆ. ಬರೆದ. ಸ್ವಲ್ಪ ಹೊತ್ತು ಡಬ್ಬ ನೋಡಿದ, ಮತ್ತೆ ಪುಸ್ತಕ ನೋಡಿದ, 4/8 ಹೊಡೆದುಹಾಕಿ 1 ಎಂದು ಬರೆದ.

ಹೋಂವರ್ಕ್ ತಪ್ಪಿದ್ರೆ ನಾವೇ ತಿದ್ದಿ ಕಳಿಸ್ಬಹುದಾ?

ಬೇಡ, ತಪ್ಪು ಹಾಗೇ ಬರಲಿ. ನಾನು ನಾಳೆ ಯಾವ ಪಾಠ ಮಾಡಬೇಕೆಂದು ಹೇಳುವುದು ಆ ತಪ್ಪೇ. ಅದೂ ಅಲ್ಲದೆ, ನಿಮ್ಮ 7 ಯಾವುದು, ಮಗುವಿನ 7 ಯಾವುದು ಎಂದು ನನಗೆ ಗೊತ್ತಾಗುತ್ತದೆ.